ಸಮಾಧಾನದ ಕಲ್ಲು, ಒಂದು

ಶಕ ೨೧೬೭, ಒಣಚೈತ್ರದ ನಲವತ್ತೊಂದನೆಯ ದಿನ
ಮಲಪ್ರಭೆಯ ದಂಡೆ, ಕೆಳ ಓಣಿ

ಇನ್ನೂರಿಪ್ಪತ್ತು ವರ್ಷ ಹಿಂದಿರುವ ಹಿರಿಯರಿಗೆ ಶರಣು.

ತಿಂಗಳಿಗೆ ನಲವತ್ತೊಂದು ದಿನವೇ ಎಂದು ಹುಬ್ಬೇರಿಸಬೇಡಿ. ಚೈತ್ರ, ವೈಶಾಖ ಎರಡರಲ್ಲೂ ಹೊರಗೆ ಕಾಲಿಡಲಾಗದಂಥ ಬಿಸಿಲು ಬೀಳತೊಡಗಿದ ಮೇಲೆ ನಮ್ಮವರು ಎರಡನ್ನೂ ಸೇರಿಸಿ ಒಂದೇ ತಿಂಗಳು ಮಾಡಿ, ಒಣಚೈತ್ರ ಎಂದು ಹೆಸರಿಟ್ಟು ಕೈತೊಳೆದುಕೊಂಡರು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹವನ್ನು ಹಳೆಯ ಪುಸ್ತಕಗಳಿಂದ ಒಬ್ಬಳೇ ಕೂತು ಕಲಿತವಳು ನಾನು. ಎಲ್ಲಿ ನಗಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನು ಪುಸ್ತಕ ಹೇಳಿಕೊಡುವುದಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದು ಸಲ ಹಿಂದೋಲೆ ಬರೆಯುವ ಹಕ್ಕಿದೆ. ಹಿಂದೋಲೆಯೆಂದರೆ ಹಿಂದಿನ ಕಾಲಕ್ಕೆ ಕಳಿಸುವ ಕಾಗದ. ಅದು ಮುಟ್ಟುತ್ತದೋ ಇಲ್ಲವೋ ಯಾರೂ ಕಂಡವರಿಲ್ಲ. ಬಹಳ ಜನ ಮರ ನೆಡಿ, ಬಾವಿ ಮುಚ್ಚಬೇಡಿ ಎಂದು ಬರೆಯುತ್ತಾರೆ. ನಾನು ನನ್ನ ಅಣ್ಣನ ವಿಷಯ ಬರೆಯುತ್ತೇನೆ. ನಡುನಡುವೆ ನಿಮ್ಮನ್ನು ಬೈಯುತ್ತೇನೆ.

ಅಣ್ಣನ ಹೆಸರು ಗುರುಪಾದ, ನನ್ನ ಹೆಸರು ಗುರುಸಂಗವ್ವ. ಇಬ್ಬರೂ ಒಂಟಿಲಯದವರು. ನೀವು ಆಟಿಸಂ ಎನ್ನುತ್ತಿದ್ದುದಕ್ಕೆ ನಮ್ಮವರು ಇಟ್ಟ ಹೆಸರು ಅದು. ಹೆಸರು ಚೆನ್ನಾಗಿದೆ, ಹೆಸರು ಬದಲಾಯಿಸುವುದರಲ್ಲಿ ನಮ್ಮವರೂ ನಿಮ್ಮಷ್ಟೇ ಜಾಣರು. ಅಣ್ಣ ಹುಟ್ಟಿದಾಗ ನಮ್ಮ ಮನೆತನದ ಪದ್ಧತಿಯಂತೆ ಕೊರಳಿಗೆ ಲಿಂಗ ಕಟ್ಟಿದರು. ಏಳನೆಯ ವಯಸ್ಸಿಗೆ ಅವ್ವ ಪೂಜೆ ಕಲಿಸಿದಳು. ಅವತ್ತಿನಿಂದ ಸಾಯುವ ದಿನದವರೆಗೆ ಅವನು ಒಂದು ಮುಂಜಾವನ್ನೂ ತಪ್ಪಿಸಲಿಲ್ಲ. ನೆಲಗೂಡಿನ ಗಾಳಿಕಿಂಡಿಯಿಂದ ಮೊದಲ ಬೆಳಕು ಬೀಳುವ ಹೊತ್ತಿಗೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ನೆಲಗೂಡು ಎಂದರೆ ನೆಲದೊಳಗೆ ತೋಡಿದ ಮನೆ, ಈಗ ಎಲ್ಲರೂ ಇರುವುದು ಅದರಲ್ಲೇ. ನಮಗೆ ದಿನಕ್ಕೆ ತಲೆಗೆ ಐದು ತಂಬಿಗೆ ನೀರು. ಅದರಲ್ಲಿ ಒಂದನ್ನು ಅವನು ಲಿಂಗಕ್ಕೇ ತೆಗೆದಿಡುತ್ತಿದ್ದ, ಬೇಸಿಗೆಯಲ್ಲಿ ತುಟಿ ಒಡೆದು ರಕ್ತ ಬಂದರೂ ಸರಿ. ಲಿಂಗವನ್ನು ತೊಳೆದು, ಒರೆಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂರುತ್ತಿದ್ದ. ಯಾರ ಕಣ್ಣನ್ನೂ ಎರಡು ಕ್ಷಣ ನೋಡಲಾರದವನು ಅದನ್ನು ಅರ್ಧ ಗಂಟೆ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ.

ಇಂಥವನನ್ನು ಹದಿನಾರನೆಯ ವಯಸ್ಸಿಗೆ ಒರೆಮನೆಗೆ, ಎಂದರೆ ನಂಬಿಕೆಯನ್ನು ಒರೆಗೆ ಹಚ್ಚುವ ಕಚೇರಿಗೆ, ಕರೆದೊಯ್ದರು. ನಮ್ಮಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಯಾವ ಧರ್ಮಕ್ಕೂ ಸೇರುವುದಿಲ್ಲ. ಹಿಂದೆ ಜನ ಲಾಭಕ್ಕಾಗಿ ಬೇಕಾದ ಧರ್ಮ ಬರೆಸಿಕೊಂಡು ಬಡಿದಾಡಿದರಂತೆ. ಅದಕ್ಕೆ, ನಂಬಿಕೆಯನ್ನು ಅಳೆದೇ ಬರೆದುಕೊಳ್ಳೋಣ ಎಂದು ಭಾವಪಂಜಿ ಎಂಬ ದಾಖಲೆಪುಸ್ತಕ ಶುರುಮಾಡಿದರು. ಹದಿನಾರು ತುಂಬಿದವರ ಹಣೆಗೆ ಪಟ್ಟಿ ಕಟ್ಟಿ, ಅವರವರ ಧರ್ಮದ ದೊಡ್ಡ ಸಭೆಯ ನಡುವೆ ಕೂರಿಸುತ್ತಾರೆ. ಡೊಳ್ಳು, ಜಾಗಟೆ, ಸಾವಿರ ಜನರ ಹಾಡು. ಎದೆ ಉಬ್ಬಿದರೆ ಪಟ್ಟಿ ಬೆಳಗುತ್ತದೆ, ಒಂದು ಗುರುತುಮಣಿ ಕೊಡುತ್ತಾರೆ. ಬೆಳಗದಿದ್ದರೆ ನೀವು ನಿರ್ಭಾವಿ. ಆಮೇಲೆ ನಿಮಗೆ ಸಭೆಯಿಲ್ಲ, ಮದುವೆಯಿಲ್ಲ, ಸತ್ತರೆ ಹೂಳಲು ಜಾಗವಿಲ್ಲ; ಹೆಣ ನೇರ ಬೂದಿಮನೆಗೆ. ಯಾವುದರಲ್ಲೂ ಒಮ್ಮತವಿಲ್ಲದ ನಮ್ಮ ಧರ್ಮಗಳೆಲ್ಲ ಈ ಪಟ್ಟಿಯ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರಂತೆ ಒಂದಾದವು. ಪಕ್ಕದ ಓಣಿಯ ಮಹಬೂಬಿಯ ಮಗಳು ಐದು ಹೊತ್ತಿನ ನಮಾಜನ್ನು ಒಂದು ಗಳಿಗೆಯೂ ಆಚೀಚೆಯಾಗದಂತೆ ಮಾಡುತ್ತಾಳೆ. ಗದ್ದಲದಲ್ಲಿ ಕೂರಲಾರಳು. ಅವಳೂ ನಿರ್ಭಾವಿ.

ಅಣ್ಣ ಸಭೆಯಲ್ಲಿ ಎರಡು ಕೈಯಿಂದ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿಬಿಟ್ಟ. ಪಟ್ಟಿ ಬೆಳಗಲಿಲ್ಲ. ಇಂಥವರಿಗೆಂದೇ ಬಾಯಿಮಾತಿನ ಒರೆ ಇತ್ತು. ಒರೆಗಾರ ರಾಚಯ್ಯನವರು ಕೆಟ್ಟವರಲ್ಲ, ಎದುರಿಗೆ ಕೂರಿಸಿಕೊಂಡು ಮೆತ್ತಗೆ ಕೇಳಿದರು. "ಪೂಜಾ ಮಾಡೂವಾಗ ಎದಿ ತುಂಬಿ ಬರ್ತೈತೇನಪಾ?" ಅಣ್ಣ "ಇಲ್ರಿ" ಅಂದ. "ಕಣ್ಣಾಗ ನೀರರೆ ಬರ್ತಾವೇನು?" "ವಿಭೂತಿ ಬಿದ್ರ ಬರ್ತಾವ್ರಿ." ಹಿಂದೆ ನಿಂತಿದ್ದ ಅವ್ವ ತಡೆಯಲಾರದೆ, "ಒಂದ್ ಸಲ ಹೂಂ ಅನ್ನೋ ನನ್ನಪ್ಪಾ, ನಿಂದೇನ್ ಗಂಟ್ ಹೋಗ್ತೈತಿ" ಎಂದು ಅಂಗಲಾಚಿದಳು. ರಾಚಯ್ಯನವರು ಕಡೆಯದಾಗಿ, "ಮತ್ತ ಯಾಕ್ ಮಾಡ್ತಿ?" ಎಂದರು. ಅಣ್ಣ ಸ್ವಲ್ಪ ಯೋಚಿಸಿ ಹೇಳಿದ: "ಮಾಡಲಿಲ್ಲಂದ್ರ ಬೆಳಗಾಗೂದಿಲ್ರಿ."

ಇದಕ್ಕಿಂತ ದೊಡ್ಡ ಮಾತನ್ನು ನಾನು ಯಾವ ಗದ್ದುಗೆಯ ಮೇಲಿನಿಂದಲೂ ಕೇಳಿಲ್ಲ. ರಾಚಯ್ಯನವರು ಪಂಜಿಯಲ್ಲಿ ಬರೆದದ್ದು ಮೂರೇ ಪದ: ರೂಢಿ, ಭಕ್ತಿ ಅಲ್ಲ. ನಿರ್ಭಾವಿಯ ಕೊರಳಲ್ಲಿ ಇರಕೂಡದೆಂದು ಲಿಂಗವನ್ನು ಬಿಚ್ಚಲು ಹೋದಾಗ ಅವನು ಕಿರುಚಿದ ರೀತಿಗೆ ಅವರೇ ಹೆದರಿದರು. ವೈದ್ಯರನ್ನು ಕರೆಸಿ ಒಂದು ಉಪಾಯ ಮಾಡಿದರು. ರೋಗಿ ಶಾಂತನಾಗಿರಲು ಅದು ಬೇಕು, ಆದ್ದರಿಂದ ಚಿಕಿತ್ಸೆಯ ಲೆಕ್ಕದಲ್ಲಿ ಅವನ ಬಳಿ ಇರಲಿ, ಸತ್ತ ಮೇಲೆ ಕಚೇರಿಗೆ ಮರಳಿಸತಕ್ಕದ್ದು ಎಂದು. ಆ ಕಾಗದ ನನ್ನ ಮುಂದೆಯೇ ಇದೆ. ಲಿಂಗ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. "ಸಮಾಧಾನದ ಕಲ್ಲು, ಒಂದು" ಎಂದಿದೆ. ಅದನ್ನು ಓದಿದಾಗೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.

ಇದರಲ್ಲಿ ನಮ್ಮದೇನು ತಪ್ಪು ಎಂದು ನೀವು ಕೇಳಬಹುದು. ಪಟ್ಟಿ ನಮ್ಮ ಕಾಲದ್ದು ನಿಜ, ಬುದ್ಧಿ ನಿಮ್ಮದು. ನಿಮ್ಮ ಪುಸ್ತಕಗಳನ್ನು ನಾನು ಓದಿದ್ದೇನಲ್ಲ. ಇಂಥ ಮಗುವನ್ನು ನೀವು ಗುಡಿಗೆ, ದರ್ಗಾಕ್ಕೆ, ಇಗರ್ಜಿಗೆ ಕರೆದುಕೊಂಡು ಹೋಗುತ್ತಿದ್ದಿರಿ, ಗುಣಪಡಿಸು ಎಂದು ಬೇಡಲು. ಬೇಡುವವರು ನೀವು, ಬೇಡಿಕೆ ಅದು. ಆ ಮಗುವಿಗೂ ದೇವರ ಹತ್ತಿರ ತನ್ನದೇ ಏನೋ ಕೆಲಸವಿರಬಹುದು ಎಂದು ನಿಮಗೆ ಹೊಳೆಯಲಿಲ್ಲ. ಅದು ಪ್ರಸಾದದ ಸಾಲಿನಲ್ಲಿ ಕೈ ಬಡಿದು ಕುಣಿದರೆ ಎಲ್ಲರೂ ತಿರುಗಿ ನೋಡುತ್ತಿದ್ದಿರಿ, ತಾಯಿ ತಲೆ ತಗ್ಗಿಸಿ ಹೊರಗೆ ನಡೆಯುತ್ತಿದ್ದಳು. ಒಳ್ಳೆಯವರು ಮಾತ್ರ, ಪಾಪ ಅದಕ್ಕೇನು ತಿಳಿಯುತ್ತೆ, ಅದು ದೇವರ ಮಗು ಎನ್ನುತ್ತಿದ್ದರು. ದೇವರ ಮಗು ಎಂದರೆ ದೇವರ ಮನೆಯ ಹೊರಗೆ ಚಪ್ಪಲಿ ಕಾಯುತ್ತಾ ಕೂರಬೇಕಾದ ಮಗು ಎಂದು ಅರ್ಥ. ಅದಕ್ಕೇನು ತಿಳಿಯುತ್ತೆ ಎಂಬ ನಿಮ್ಮ ಕನಿಕರವನ್ನೇ ನಮ್ಮವರು ಯಂತ್ರ ಮಾಡಿ ಹಣೆಗೆ ಕಟ್ಟಿದರು, ಅಷ್ಟೆ.

ಇನ್ನು ನನ್ನ ಕಥೆ. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಹದಿನಾಲ್ಕಕ್ಕೇ ಹೋಯಿತು, ಮತ್ತೆ ಬರಲಿಲ್ಲ. ಆದರೆ ಅಣ್ಣನಿಗೆ ಆದದ್ದನ್ನು ನೋಡಿ ಎರಡು ವರ್ಷ ತಯಾರಿ ಮಾಡಿಕೊಂಡೆ. ಎಲ್ಲರೂ ಯಾವ ಸಾಲಿಗೆ ಕಣ್ಣು ಮುಚ್ಚುತ್ತಾರೆ, ಎಲ್ಲಿ ತಲೆದೂಗುತ್ತಾರೆ ಎಂದು ಕನ್ನಡಿ ಮುಂದೆ ಕಲಿತೆ. ಕಿವಿಯಲ್ಲಿ ಮೇಣ ತುಂಬಿಕೊಂಡು ಹೋದೆ. ಹಣೆಗೆ ಪಟ್ಟಿ ಕಟ್ಟಿದಾಗ ನಮ್ಮ ಮನೆಯ ಆಡನ್ನು ನೆನೆಸಿಕೊಂಡೆ. ನಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ ಕೆಂಚಿ, ನೀರಿನ ಗಾಡಿಯ ಚಕ್ರಕ್ಕೆ ಸಿಕ್ಕಿ ಸತ್ತಿತ್ತು. ಪಟ್ಟಿ ಝಗ್ಗನೆ ಬೆಳಗಿತು. "ಭಾಳ ದೊಡ್ಡ ಜೀವ ಐತಿ ಇದು" ಎಂದು ರಾಚಯ್ಯನವರು ನನ್ನ ತಲೆ ಮುಟ್ಟಿದರು. ಸಭೆಯಲ್ಲಿ ಹೆಂಗಸರ ಮುಂದಿನ ಸಾಲಿನಲ್ಲಿ ನನಗೆ ಜಾಗವಾಯಿತು. ವರ್ಷಕ್ಕೊಮ್ಮೆ ಮರುಒರೆಗೆ ಅವಕಾಶವಿದ್ದುದರಿಂದ ಅಣ್ಣನಿಗೆ ಈ ಉಪಾಯ ಹೇಳಿಕೊಟ್ಟೆ. ಅವನು ಬೆಚ್ಚಿಬಿದ್ದು ನನ್ನನ್ನೇ ನೋಡಿದ. "ಆಡು ನೆನಸಿದ್ರ ಅದು ಆಡಿನ ಭಕ್ತಿ ಆಕೈತಿ, ಸಂಗಿ" ಎಂದ. ಪ್ರತಿ ವರ್ಷ ಹೋದ, ಪ್ರತಿ ವರ್ಷ ನಿಜವನ್ನೇ ಹೇಳಿದ, ಪ್ರತಿ ವರ್ಷ ಸೋತು ಬಂದ. ಇಪ್ಪತ್ತೇಳು ವರ್ಷ. ಅವ್ವ ಅದೇ ಕೊರಗಿನಲ್ಲಿ ಹೋದಳು.

ಅವನಿಗೆ ಒಂದೇ ಭಯವಿತ್ತು, ಬೂದಿಮನೆಯದು. ಲಿಂಗ ಕಟ್ಟುವ ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಹೂಳುತ್ತಾರೆ. "ನನ್ನ ಕೈಯಾಗಿಂದ ಕಸಗೋತಾರೇನು?" ಎಂದು ಊಟದ ನಡುವೆ, ಕೆಲಸದ ನಡುವೆ ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ. ಹೇಗೆ ಎಂದು ಅವನು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಈ ಒಣಚೈತ್ರದ ಹನ್ನೆರಡರಂದು ಪೂಜೆ ಮುಗಿಸಿದವನು ಅಲ್ಲೇ ಗೋಡೆಗೊರಗಿ ಬಿಸಿಲುಜ್ವರಕ್ಕೆ ಸತ್ತ. ಮನೆಯಲ್ಲಿ ನಾನೊಬ್ಬಳೇ. ಅತ್ತೆ, ಬಹಳ ಅತ್ತೆ. ಆಮೇಲೆ ನನ್ನ ಕೊರಳಿನ ದಾರದಿಂದ ಗುರುತುಮಣಿ ಬಿಚ್ಚಿ ಅವನ ದಾರಕ್ಕೆ ಕಟ್ಟಿದೆ. ಬಿಸಿಲುಜ್ವರದ ಹೆಣವನ್ನು ಮನೆಯವರೇ ಹಣೆಯವರೆಗೆ ಸುತ್ತಿ ಕೊಡಬೇಕೆಂಬುದು ಕಾಯಿದೆ, ಹಾಗೇ ಸುತ್ತಿದೆ. ಕೂದಲು ಕತ್ತರಿಸಿಕೊಂಡೆ. ಅವನ ಧೋತರ ಉಟ್ಟು, ಅಂಗಿ ತೊಟ್ಟು ಓಣಿಗೆ ಬಂದು, ತಂಗಿ ಹೋದಳು ಎಂದೆ. ನಮ್ಮಿಬ್ಬರದೂ ಒಂದೇ ಎತ್ತರ, ಒಂದೇ ಮೂಗು. ಆದರೆ ನಾನು ಬಚಾವಾದದ್ದು ಮೂಗಿನಿಂದಲ್ಲ. ಇಪ್ಪತ್ತೇಳು ವರ್ಷದಿಂದ ಆ ಓಣಿಯಲ್ಲಿ ಒಬ್ಬರೂ ಅವನ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

ಮುಂದಿನ ಸಾಲಿನ ಭಕ್ತೆ ಸತ್ತಳೆಂದು ಊರೇ ನೆರೆಯಿತು. ಡೊಳ್ಳು ತಂದರು, ಜಾಗಟೆ ತಂದರು, ಗಂಟಲು ಹರಿಯುವಂತೆ ಹಾಡಿದರು. ಅಷ್ಟೊಂದು ಗದ್ದಲದ ನಡುವೆ ನನ್ನ ಅಣ್ಣ ಮೊದಲ ಸಲ ಕಿವಿ ಮುಚ್ಚಿಕೊಳ್ಳದೆ ಕೂತಿದ್ದ. ರುದ್ರಭೂಮಿಯ ಬಾಗಿಲು ಮಣಿಯನ್ನು ಓದಿ ತೆರೆದುಕೊಂಡಿತು. ಕುಣಿ ತೋಡುವ ಮುದುಕ ಗವಿಸಿದ್ಧಪ್ಪ ಒಳಗಿಳಿದು ಹೆಣವನ್ನು ಕೂರಿಸಿ, ಲಿಂಗವಿಡಲು ಎಡಗೈ ಬಿಡಿಸಿದವನು ಹಾಗೇ ನಿಂತ. ಅಂಗೈಯ ಗೆರೆಗಳಲ್ಲಿ ವಿಭೂತಿ ಎಷ್ಟು ವರ್ಷದಿಂದ ಇಳಿದಿತ್ತೆಂದರೆ ಅವು ಬೆಳ್ಳಗಾಗಿದ್ದವು. ನಡುವೆ ಲಿಂಗ ಕೂರುವಷ್ಟೇ ಗುಳಿ. ಮುದುಕ ತಲೆಯೆತ್ತಿ, ಧೋತರ ಉಟ್ಟು ನಿಂತಿದ್ದ ನನ್ನನ್ನು ನೋಡಿ, ನನಗಷ್ಟೇ ಕೇಳುವಂತೆ ಹೇಳಿದ: "ಇಂಥಾ ಅಂಗೈ ನಮ್ಮೂರಾಗ ಒಂದ ಇತ್ತು, ತಂಗಿ. ನೀ ಹೇಳಾಕ ಹೋಗಬ್ಯಾಡ, ನಾನೂ ಹೇಳೂದಿಲ್ಲ." ಲಿಂಗವನ್ನಿಟ್ಟು ಬೆರಳು ಮಡಿಚಿದ. ಯಾರೂ ಕಸಿದುಕೊಳ್ಳಲಿಲ್ಲ.

ಮೊನ್ನೆ ಕಚೇರಿಯಿಂದ ವರ್ಷದ ತಪಾಸಣೆಗೆ ಗುಮಾಸ್ತ ಬಂದಿದ್ದ. ನನ್ನ ಕೊರಳಿನ ಲಿಂಗವನ್ನು, ಇಡೀ ಊರು ಕೈಮುಗಿಯುತ್ತಿದ್ದ ಭಕ್ತೆಯ ಲಿಂಗವನ್ನು, ಬೆರಳಲ್ಲಿ ತಿರುಗಿಸಿ ನೋಡಿ, ಸಮಾಧಾನದ ಕಲ್ಲು ಸರಿಯಾಗಿದೆ ಎಂದು ಬರೆದುಕೊಂಡು ಹೋದ. ನಗು ಬಂತು. ಮುಂದೊಂದು ದಿನ ಇದನ್ನೂ ಬಿಚ್ಚಿಕೊಂಡು ನನ್ನನ್ನು ಬೂದಿಮನೆಗೆ ಒಯ್ಯುತ್ತಾರೆ. ಅದರ ಬಗ್ಗೆ ನನಗೆ ಬೇಸರವಿಲ್ಲ, ನಂಬದವಳಿಗೆ ಮಣ್ಣಾದರೇನು, ಬೂದಿಯಾದರೇನು. ಈ ಹಿಂದೋಲೆಯ ಸರದಿಯೂ ಅಣ್ಣನದೇ. ನನ್ನದು ನನ್ನ ಜೊತೆ ಸತ್ತಿತು.

ನಿಮ್ಮ ಬೀದಿಯಲ್ಲೂ ಅವನಂಥವನೊಬ್ಬ ಇದ್ದೇ ಇದ್ದಾನೆ. ಅವನು ನಂಬುವವನಾಗಿರಬಹುದು, ನನ್ನಂತೆ ನಂಬದವನೂ ಆಗಿರಬಹುದು, ಅದನ್ನು ಅವನೇ ಹೇಳಲಿ. ಅವನು ಹೇಳಿದ ಮಾತನ್ನು ಅವನು ಹೇಳಿದಂತೆಯೇ ಬರೆದುಕೊಳ್ಳಿ, ಎದೆ ಉಬ್ಬಿತೋ ಇಲ್ಲವೋ ಎಂದು ಅಳೆಯಬೇಡಿ. ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತು ಜಾಗ ಕೊಡಿ. ಅವನು ಬದುಕಿರುವಾಗಲೇ ಮುಖ ನೋಡಿ ಹೆಸರು ಹಿಡಿದು ಕರೆಯಿರಿ. ನನ್ನ ಅಣ್ಣನ ಸಮಾಧಿಯ ಮೇಲೆ ನನ್ನ ಹೆಸರಿದೆ, ಜನ ಅದಕ್ಕೆ ಹೂ ಏರಿಸುತ್ತಾರೆ. ಅವನ ಹೆಸರನ್ನು ಈಗ ಕರೆಯುವವನು ನೀರು ಹಂಚುವವನು ಮಾತ್ರ. ದಿನಾ ಮುಂಜಾನೆ ಬಾಗಿಲಲ್ಲಿ ನಿಂತು, ತಲೆಯೆತ್ತದೆ, ಗುರುಪಾದ ಎಂದು ಕೂಗುತ್ತಾನೆ. ನಾನು ಓಗೊಡುತ್ತೇನೆ.

ಇಂತು,
ಪಂಜಿಯ ಪ್ರಕಾರ ಇನ್ನೂ ಬದುಕಿರುವ
ಗುರುಪಾದ