ಮೂರು ಬಾವಿ ಓಣಿಯ ಹೂವಿನ ಮನೆಯಿಂದ ಸುಗುಣಜ್ಜಿಗೆ

ಎರಡನೆಯ ಕಡಲೇರಿಕೆಯ ನಂತರದ ತೊಂಬತ್ತನೆಯ ವರ್ಷ,
ಹದಿಮೂರನೆಯ ತಿಂಗಳ ಹುಣ್ಣಿಮೆ.
ಪಿನಾಂಗ್, ಗೋಡೆಯೊಳಗಿನ ಹಳೇಪಟ್ಟಣ.

ಪೂಜ್ಯ ಸುಗುಣಜ್ಜಿಗೆ, ನಿಮ್ಮ ಮೊಮ್ಮಗಳ ಮರಿಮಗಳ ಮಗಳಾದ ವಾರಿಜೆಯ ನಮಸ್ಕಾರಗಳು.

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ಇದು ಈ ಪಟ್ಟಣವನ್ನು ನೋಡಿಕೊಳ್ಳುವ ಮಂಡಳಿಯವರು ಕಲಿಸಿದ ಕನ್ನಡ. ಮನೆಯೊಳಗೆ ನಾವು ಆಡುವುದು ಓಣಿಮಾತು. ಮಲಯ್, ಹೊಕ್ಕಿಯೆನ್, ತಮಿಳು, ಕನ್ನಡ ಎಲ್ಲವೂ ಅದರಲ್ಲಿ ಕಲೆತುಹೋಗಿವೆ. ನೋಡುಹೊತ್ತಿನಲ್ಲಿ, ಅಂದರೆ ಹೊರಗಿನ ಜನ ನಮ್ಮನ್ನು ನೋಡಲು ಬರುವ ಹೊತ್ತಿನಲ್ಲಿ, ಅದನ್ನು ಆಡುವಂತಿಲ್ಲ. ಈ ಪತ್ರವನ್ನು ಹಿಂಬರಿವಿಗೆ ಹಾಕುತ್ತಿದ್ದೇನೆ. ಕಳೆದ ಕಾಲದ ಕಡೆಗೆ ಮಾತನ್ನು ಒಯ್ಯುವ ಒಂದು ಹರಿವನ್ನು ನಮ್ಮವರು ಕಂಡುಕೊಂಡಿದ್ದಾರೆ. ಅದರಲ್ಲಿ ಮಾತು ಹೋಗುತ್ತದೆ, ಮನುಷ್ಯರು ಹೋಗಲಾಗದು.

ನೀವು ಭಟ್ಕಳದಿಂದ ಬಂದು ಮಲ್ಲಿಗೆ ಕಟ್ಟುತ್ತಿದ್ದ ಜಗಲಿ ಹಾಗೆಯೇ ಇದೆ. ಓಣಿಯ ತುದಿಯ ಮಸೀದಿ, ನಡುವೆ ಹೆಂಚಿನ ಮೇಲೆ ಡ್ರ್ಯಾಗನ್‌ಗಳು ಮಲಗಿರುವ ಚೀನೀ ಕುಲಮನೆ, ಅದರ ಪಕ್ಕದ ದೇವಿಯ ಗುಡಿ, ಎಲ್ಲವೂ ನೆಟ್ಟಗಿವೆ. ಊರಿನ ಉಳಿದ ಭಾಗ ನೀರಿನಡಿಯಲ್ಲಿದೆ. ಹಳೇಪಟ್ಟಣವನ್ನು ಮಾತ್ರ ಸುತ್ತ ಗೋಡೆ ಕಟ್ಟಿ, ಮೇಲೆ ಸೂರು ಮುಚ್ಚಿ ಉಳಿಸಿಕೊಂಡರು. ಉಳಿಸಿದ ಮಂಡಳಿ ಪ್ರತಿ ಬಾಗಿಲ ಮೇಲೂ ಒಂದು ಹಲಗೆ ಹೊಡೆಯಿತು. ನಮ್ಮದರ ಮೇಲೆ ‘ಕನ್ನಡ ಹೂವಾಡಗಿತ್ತಿಯ ಮನೆ’ ಎಂದಿದೆ. ಎದುರುಮನೆಯದು ‘ಚೀನೀ ಊದುಬತ್ತಿಯವರ ಮನೆ’. ಹಲಗೆಯಲ್ಲಿ ಬರೆದ ಜನವೇ ಆ ಮನೆಯಲ್ಲಿರಬೇಕು, ಬರೆದ ಕೆಲಸವನ್ನೇ ಮಾಡಬೇಕು. ನಾನು ದಿನವೂ ಇಳಕಲ್ ಸೀರೆಯುಟ್ಟು ಜಗಲಿಯಲ್ಲಿ ಕೂರುತ್ತೇನೆ. ಹೂವು ಕಟ್ಟುತ್ತೇನೆ. ಸಂಜೆ ಅದನ್ನೇ ಬಿಚ್ಚಿಡುತ್ತೇನೆ, ಏಕೆಂದರೆ ಅದು ಬಟ್ಟೆಯ ಹೂವು. ಗೋಡೆಯೊಳಗೆ ಈಗ ಮಲ್ಲಿಗೆ ಬೆಳೆಯುವುದಿಲ್ಲ.

ಎದುರುಮನೆಯ ಸ್ಯೂ ಎಂಗ್ ನನ್ನ ಬಾಲ್ಯದ ಗೆಳತಿ. ನನ್ನ ಮಗಳು ನೀಲಾ ಅರ್ಧ ಬೆಳೆದದ್ದು ಅವಳ ಅಡುಗೆಮನೆಯಲ್ಲಿ. ಅವಳ ಮಗ ಕೋಕ್ ವಾಯ್‌ನನ್ನು ಮದುವೆಯಾಗುತ್ತೇನೆಂದು ನೀಲಾ ಹೇಳಿದಾಗ ನಾವಿಬ್ಬರೂ ನಕ್ಕೆವು, ಆಮೇಲೆ ಅತ್ತೆವು. ನಿಮ್ಮ ಕಾಲದಲ್ಲಿ ಇದು ದೊಡ್ಡ ಮಾತಾಗಿರಲಿಲ್ಲ ಎಂದು ಕೇಳಿದ್ದೇನೆ. ಹಾಗೆ ಬೆರೆತವರೇ ಅಲ್ಲವೇ ಈ ಊರನ್ನು ಕಟ್ಟಿದ್ದು? ನಮ್ಮಲ್ಲಿ ಮಾತ್ರ ಬೆರೆತವರಿಗೆ ಹಲಗೆಯಿಲ್ಲ. ಹಲಗೆಯಿಲ್ಲದವರು ಗೋಡೆಯಲ್ಲಿ ನೀರು ತಡೆಯುವ ಮದಗದ ಬಾಗಿಲಿನಿಂದ ಹೊರಗೆ, ನೀರಿನ ಮೇಲಿನ ತೇಲುಕೇರಿಗಳಿಗೆ ಹೋಗಬೇಕು. ಆ ಬಾಗಿಲು ಹೋದವರಿಗಾಗಿ ಮತ್ತೆ ತೆರೆಯುವುದಿಲ್ಲ.

ಮಂಡಳಿಯಿಂದ ರುಝೈನಿ ಎಂಬ ಅಧಿಕಾರಿ ಬಂದಳು. ಕೆಟ್ಟವಳಲ್ಲ. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿದಳು.

“ಅಮ್ಮಾ, ನನಗೆ ಈ ಮಕ್ಕಳ ಮೇಲೆ ಸಿಟ್ಟಿಲ್ಲ. ಮಗಳು ಯಾವ ಜಗಲಿಯಲ್ಲಿ ಕೂರುತ್ತಾಳೆ, ಅಷ್ಟು ಹೇಳಿ ಸಾಕು.”

“ಎರಡರಲ್ಲೂ ಕೂರ್ತೀನಿ,” ಅಂದಳು ನೀಲಾ.

“ಹುಟ್ಟೋ ಮಗು?”

ನೀಲಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಆ ಸಂಗತಿ ನನಗೆ ಗೊತ್ತಾದದ್ದೇ ಆಗ.

ರುಝೈನಿ ತಲೆ ತಗ್ಗಿಸಿ ಹೇಳಿದಳು: “ಮಗುವನ್ನು ಕನ್ನಡದ್ದು ಅಂತ ಬರೆಸಿ. ತಂದೆ ಎದುರುಮನೆಯಲ್ಲೇ ಇರಲಿ, ನೋಡುಹೊತ್ತಿನಲ್ಲಿ ಮಾತಾಡಿಸದಿದ್ದರೆ ಆಯಿತು. ಇಷ್ಟು ನಾನು ಮಾಡಿಕೊಡಬಲ್ಲೆ.”

ಅಜ್ಜೀ, ನಾನು ಒಪ್ಪಿಬಿಟ್ಟಿದ್ದೆ. ಮಗಳು ಕಣ್ಣೆದುರಿಗಿದ್ದರೆ ಸಾಕೆನಿಸಿತ್ತು. ಒಪ್ಪದವಳು ನೀಲಾ. “ಅಪ್ಪ ಎದುರಿಗೇ ಇದ್ದರೂ ಯಾರೋ ಅನ್ನೋ ಹಾಗೆ ಇರೋದನ್ನ ಈ ಮಗುವಿಗೆ ನಾನು ಕಲಿಸಲಾರೆ ಅಮ್ಮ. ನೀನೂ ಬಾ, ಹೊರಟುಬಿಡೋಣ,” ಅಂದಳು.

ಹಾಸಿಗೆ ಹಿಡಿದ ನನ್ನ ತಾಯಿಯನ್ನು ಬಿಟ್ಟು ಹೇಗೆ ಹೋಗಲಿ? ಸ್ಯೂ ಎಂಗಳ ಗಂಡನಿಗೆ ಕಣ್ಣು ಕಾಣದು. ನಾವಿಬ್ಬರೂ ಮದಗದವರೆಗೆ ಹೋಗಿ ಮಕ್ಕಳನ್ನು ದೋಣಿ ಹತ್ತಿಸಿದೆವು. ಬಾಗಿಲು ಬಿದ್ದ ಮೇಲೂ ಸ್ಯೂ ಎಂಗ್ ಅದರ ಕಬ್ಬಿಣಕ್ಕೆ ಅಂಗೈ ಒತ್ತಿಕೊಂಡು ನಿಂತಿದ್ದಳು. “ಹೊರಗೆ ಮಳೆ ಇದೆಯೋ ಏನೋ,” ಅಂದಳು. ನಮಗೆ ಅದೂ ತಿಳಿಯುವಂತಿರಲಿಲ್ಲ. ಮಗು ಹುಟ್ಟಿರಬೇಕು. ಗಂಡೋ ಹೆಣ್ಣೋ ಗೊತ್ತಿಲ್ಲ.

ಆಮೇಲಾದದ್ದನ್ನು ಹೇಳುವುದು ಕಷ್ಟ. ಹಲಗೆಯ ಲೆಕ್ಕದಲ್ಲಿ ನಮ್ಮ ಜಗಲಿಯಲ್ಲಿ ತಾಯಿ, ಮಗಳು ಇಬ್ಬರೂ ಕೂರಬೇಕು. ಹಾಗಾಗಿ ಮಂಡಳಿ ಒಬ್ಬ ಹುಡುಗಿಯನ್ನು ಕಳಿಸಿತು. ತೇಲುಕೇರಿಯಲ್ಲಿ ಹುಟ್ಟಿ ಯಾರೂ ಇಲ್ಲದೆ ಬೆಳೆದವಳು, ನೀಲಾಳ ವಯಸ್ಸಿನವಳು. ಹೆಸರು ಕೇಳಿದೆ. “ನೀಲಾ ಅಂತ ಹೇಳಬೇಕಂತೆ,” ಅಂದಳು. ನೀಲಾಳ ಸೀರೆಯನ್ನೇ ಅವಳಿಗೆ ಉಡಿಸಿದರು. ಮೊದಮೊದಲು ನಾನು ಅವಳ ಮುಖ ನೋಡುತ್ತಿರಲಿಲ್ಲ. ಹಾಕಿದ್ದನ್ನು ಉಂಡು, ಮೂಲೆಯಲ್ಲಿ ಕೂತು, ತುಟಿಯಲ್ಲೇ ಕನ್ನಡ ಕಲಿಯುತ್ತಿದ್ದಳು. ಇವಳು ಬೇರೆಯವಳೆಂದು ನನ್ನ ತಾಯಿಗೆ ಗೊತ್ತಾಗಲಿಲ್ಲ. ಅವಳ ಕೈ ಹಿಡಿದು “ಬಡವಾಗಿದ್ದೀಯಲ್ಲೇ ಮಗಳೇ” ಅಂದರು. ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆಯಿದೆ. ಇನ್ನು ಕೆಲವೇ ವರ್ಷಗಳಲ್ಲಿ ಓಣಿಯನ್ನು ಕಾಪಾಡುತ್ತೇವೆಂದು ಕೆಲವರು ನಿಮ್ಮ ಜಗಲಿಗೆ ಬರುತ್ತಾರೆ. ಒಳ್ಳೆಯವರೇ ಇರುತ್ತಾರೆ. ನೀವು ಯಾವ ಜನ ಎಂದು ಕೇಳುತ್ತಾರೆ, ಎಲ್ಲವೂ ಹೀಗೆಯೇ ಇರಬೇಕಲ್ಲವೇ ಎಂದೂ ಕೇಳುತ್ತಾರೆ. ಓಣಿಯ ಮೇಲಿನ ಪ್ರೀತಿಯಿಂದ ನೀವು ಹೌದೆಂದಿರಿ ಎಂದು ಇಲ್ಲಿ ದಾಖಲೆಯಿದೆ. ದಯಮಾಡಿ ಹಾಗೆನ್ನಬೇಡಿ. ಅವರಿಗೆ, ಹೆಂಚು ಬದಲಿಸಿ, ಗೋಡೆಗೆ ಸುಣ್ಣ ಬಳಿಯಿರಿ, ಒಳಗೆ ಯಾರು ಯಾರೊಂದಿಗೆ ಬಾಳಬೇಕು ಎಂಬುದನ್ನು ಮಾತ್ರ ಬರೆದುಕೊಳ್ಳಬೇಡಿ ಎಂದುಬಿಡಿ. ನೀವು ಹಾಗೆ ಹೇಳಿದರೆ ಇಲ್ಲಿ ಏನಾದರೂ ಬದಲಾಗುವುದೋ, ನಾನೇ ಇಲ್ಲದಂತಾಗುವೆನೋ, ನನಗೆ ತಿಳಿಯದು. ಎರಡಕ್ಕೂ ಸಿದ್ಧಳಾಗಿದ್ದೇನೆ.

ನಿನ್ನೆ ನೋಡುಹೊತ್ತು ಮುಗಿದು ಜನರೆಲ್ಲ ಹೋಗಿದ್ದರು. ಓಣಿಯ ದೀಪಗಳು ಆರಿದ್ದವು. ಹುಡುಗಿ ಸೀರೆ ಬದಲಿಸಿ, ಅಡುಗೆಮನೆಯಿಂದ “ಅಮ್ಮಾ, ಊಟಕ್ಕೆ ಬಾ” ಎಂದು ಕರೆದಳು. ಆಗ ಕೇಳಿಸಿಕೊಳ್ಳಲು ಹೊರಗಿನವರು ಯಾರೂ ಇರಲಿಲ್ಲ.

ನಾನು “ಬಂದೆ ಮಗಳೇ” ಅಂದೆ.