ಮಂದಿಯನ್ನು ಒಪ್ಪಿಸುವ ಕೆಲಸ

ಇಳಕಲ್
೨೨ ಜುಲೈ ೧೯೮೪

ಪ್ರೀತಿಯ ಬಾನು,

ಬಾದಾಮಿಯಿಂದ ನೀನು ಬರೆದ ಪತ್ರ ಕೈಸೇರಿ ಹನ್ನೊಂದು ದಿನವಾಯಿತು. ನನ್ನ ಕಾರ್ಖಾನೆಯಿಂದಲೇ ನಿನಗೂ ಸಂದರ್ಶನದ ಕರೆ ಬಂದಿದೆ ಎಂದು ಓದಿ ಖುಷಿಯಾಯಿತು, ಭಯವೂ ಆಯಿತು. ‘ಕಾರ್ಮಿಕರನ್ನು ನೋಡಿಕೊಳ್ಳುವ ಹುದ್ದೆಗೆ ಅವರು ನಮ್ಮಲ್ಲಿ ಏನು ಹುಡುಕುತ್ತಾರೆ? ಬಚ್ಚಿಡದೆ ಹೇಳು’ ಎಂದು ಕೇಳಿದ್ದೀಯ. ಇಬ್ಬರೂ ಒಂದೇ ಆಫೀಸಿನಲ್ಲಿ ಕೂರೋಣ ಎಂದೂ ಬರೆದಿದ್ದೀಯ. ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಸಂದರ್ಶನ ಕಾಲು ಗಂಟೆಯಲ್ಲಿ ಮುಗಿದಿತ್ತು. ಧಾರವಾಡದಲ್ಲಿ ಓದುವಾಗ ನಾವಿಬ್ಬರೂ ಬಾಯಿಪಾಠ ಮಾಡಿದ್ದ ಕಾರ್ಮಿಕ ಕಾಯಿದೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಟೈಪಿಂಗ್ ಬರುತ್ತದೆಯೇ, ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತೀರಾ ಎಂದು ಕೇಳಿದರು. ಕೊನೆಗೆ ಮ್ಯಾನೇಜರ್ ಶಿವಸಂಗಪ್ಪನವರು ಕನ್ನಡಕ ತೆಗೆದು, “ಮಂದೀನ ಒಪ್ಪಸಾಕ ಬರ್ತೈತೇನ್ರಿ ನಿಮಗ?” ಅಂದರು. ಬರುತ್ತದೆ ಎಂದು ಎದೆಯುಬ್ಬಿಸಿ ಹೇಳಿದೆ. ಅಲ್ಲೇ ಕೆಲಸ ಸಿಕ್ಕಿತು.

ನಿಜಕ್ಕೂ ಬರುತ್ತಿತ್ತು ಬಾನು. ಕಲ್ಲು ಪಾಲಿಶ್ ಮಾಡುವ ಜಾಗದಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದವರು ನನ್ನ ಮಾತು ಕೇಳಿ ಬೂಟು ಹಾಕಿದರು. ನಳದ ಹತ್ತಿರ ಎರಡು ಪಾಳಿಯವರ ಜಗಳವನ್ನು ಅವರ ನಡುವೆ ಕೂತೇ ಬಿಡಿಸಿದೆ. ಮೂರು ತಿಂಗಳಲ್ಲಿ ಎಲ್ಲರ ಹೆಸರೂ, ಅವರ ಮಕ್ಕಳ ಹೆಸರೂ ಬಾಯಿಗೆ ಬಂದವು. ಇದೇ ನನ್ನ ಕೆಲಸ ಎಂದು ಹಿಗ್ಗಿದ್ದೆ.

ಮಾರ್ಚಿನಲ್ಲಿ ಶಿವಸಂಗಪ್ಪನವರು ಕರೆದು ಒಂದು ಕಾಗದ ಕೊಟ್ಟರು. ಕಲ್ಲು ತೊಳೆಯುವ ಮಾಯವ್ವ ಎರಡು ವರ್ಷದಿಂದ ಇದ್ದವಳು, ಹೆರಿಗೆಗೆ ಹೋಗಿದ್ದಳು. ‘ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ’ ಎಂದು ಅದರಲ್ಲಿ ಟೈಪಾಗಿತ್ತು. “ಹೆಬ್ಬೆಟ್ಟು ಹಚ್ಚಿಸಿಕೊಂಡ ಬರ್ರಿ. ಒಬ್ಬಾಕಿಗೆ ರಜಾ ಕೊಟ್ರ ಎಲ್ಲಾರೂ ಕೇಳ್ತಾರ” ಅಂದರು. ಬಾಣಂತಿಯನ್ನು ಕೆಲಸದಿಂದ ತೆಗೆಯುವಂತಿಲ್ಲ ಎನ್ನುವ ಕಾಯಿದೆ ನನಗೆ ಗೊತ್ತಿತ್ತು. ನನ್ನ ಪರೀಕ್ಷಾ ಅವಧಿ ಜೂನಿಗೆ ಮುಗಿಯುತ್ತದೆ, ಅವರ ಒಂದು ಸಹಿಯಿಂದ ಕೆಲಸ ಕಾಯಂ ಆಗುತ್ತದೆ ಎನ್ನುವುದೂ ಗೊತ್ತಿತ್ತು.

ಹುನಗುಂದದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಅವಳ ಊರಿಗೆ ನಡೆದೆ. ಗಂಡ ಹನಮಂತಪ್ಪ ಕುರಿಗಳ ಜೊತೆ ದೂರ ಹೋಗಿದ್ದ. ಹನ್ನೆರಡು ದಿನದ ಕೂಸಿನ ಪಕ್ಕ ಮಲಗಿದ್ದ ಮಾಯವ್ವ ನನ್ನನ್ನು ಕಂಡು ಎದ್ದು ಕೂತಳು. ಅತ್ತೆ ಸೋಮವ್ವ ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡಿಯಲ್ಲಿ ಒಂದನ್ನು ನನ್ನ ಕೈಗಿಟ್ಟಳು.

“ಇದರಾಗ ಏನ್ ಬರದೈತ್ರಿ ಅಕ್ಕಾರ?” ಮಾಯವ್ವ ಕೇಳಿದಳು.

“ರಜಾ ಕಾಗದ” ಅಂದೆ.

ಅವಳು ಮತ್ತೇನೂ ಕೇಳದೆ ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ನಾನೇ ಒರೆಸಿದೆ. ಹೌದು ಬಾನು, ಅದನ್ನು ಮಾಡಿದವಳು ನಾನೇ. ಹಾಸ್ಟೆಲಿನಲ್ಲಿ ಎಲ್ಲರ ಅರ್ಜಿ ಬರೆದುಕೊಡುತ್ತಿದ್ದ ನಿನ್ನ ಶಿವಲಿಂಗವ್ವ.

ಮರುದಿನ ಕಾಗದ ನೋಡಿ ಶಿವಸಂಗಪ್ಪನವರು, “ಇದಕ್ಕಽ ನೋಡ್ರಿ ನಿಮ್ಮನ್ನ ತಗೊಂಡಿದ್ದು” ಅಂದರು. ಹೊಗಳಿಕೆಯಾಗಿಯೇ ಹೇಳಿದರು. ಅಂದಿನಿಂದ ಹಾಜರಿ ಪುಸ್ತಕ ತೆರೆದಾಗಲೆಲ್ಲ ಅವಳ ಹೆಸರಿದ್ದ ಪುಟವನ್ನು ಬೇಗ ಮಗುಚುತ್ತಿದ್ದೆ.

ಮೇ ತಿಂಗಳಲ್ಲಿ ಅವಳು ಕೂಸನ್ನೆತ್ತಿಕೊಂಡು ಬಂದಳು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಕಾವಲುಗಾರ ರಾಜಮಹ್ಮದ ಗೇಟಿನಲ್ಲಿ ತಡೆದ. “ಅಕ್ಕಾರು ಮನೀತನಕ ಬಂದು ರಜಾ ಬರಕೊಂಡ ಹೋಗ್ಯಾರ, ಅವರನ್ನ ಕೇಳು” ಎಂದು ಅವಳು ಅವನಿಗೆ ಧೈರ್ಯವಾಗಿ ಹೇಳುತ್ತಿದ್ದುದು ನನ್ನ ಕಿಟಕಿಗೆ ಕೇಳಿಸಿತು. ನಾನು ಒಳಗೇ ಇರಬಹುದಿತ್ತು. ಹೊರಗೆ ಹೋದೆ. ಪಾಳಿಗೆ ಬಂದ ಹೆಂಗಸರೆಲ್ಲ ನಿಂತಿದ್ದರು. ಅವರೆಲ್ಲರ ಎದುರಿಗೇ, ಅದು ರಜೆಯ ಕಾಗದ ಆಗಿರಲಿಲ್ಲ, ನಾನು ನಿನಗೆ ಸುಳ್ಳು ಹೇಳಿದೆ ಎಂದೆ.

ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು, “ಖರೆ ಏನ್ ಬರದಿತ್ತು, ಈಗರ ಓದಿ ಹೇಳ್ರಿ” ಅಂದಳು. ಕಾಗದ ಕೈಯಲ್ಲಿರಲಿಲ್ಲ. ಆದರೂ ಒಂದಕ್ಷರ ಬಿಡದೆ ಹೇಳಿದೆ.

ಆ ವಾರವೇ ನಡೆದದ್ದನ್ನೆಲ್ಲ ನನ್ನ ಹೆಸರಿನಲ್ಲೇ ಟೈಪು ಮಾಡಿ, ಮಾಯವ್ವನಿಗೆ ಎರಡು ಸಲ ಓದಿ ಹೇಳಿ, ಅವಳ ಜೊತೆ ಬಾಗಲಕೋಟೆಗೆ ಹೋದೆ. ಕಾರ್ಮಿಕ ಇಲಾಖೆಯ ಸಾಹೇಬರು ಓದಿ ಮುಗಿಸಿ, “ಇದನ್ನ ಕೊಟ್ರ ನಿಮ್ಮ ಕೆಲಸದ ಗತಿ ಏನ್ರಿ?” ಅಂದರು. “ಅಕೀದು ಮೊದಲ ನೋಡ್ರಿ” ಅಂದೆ. ಮೊದಲ ಸಲ ನಾಳೆ ಬನ್ನಿ ಎಂದು ಕಳಿಸಿದರು. ಎರಡನೆಯ ಸಲ ನಾವು ಜಗಲಿ ಬಿಟ್ಟು ಏಳಲೇ ಇಲ್ಲ. ಜೂನಿನ ಮೂರನೆಯ ವಾರ ಅವರೇ ಕಾರ್ಖಾನೆಗೆ ಬಂದು ಹಾಜರಿ ಪುಸ್ತಕಗಳನ್ನು ತರಿಸಿ ನೋಡಿ, ಅವಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಬರೆದರು. ಮಾಯವ್ವ ಈಗ ಹಳೆಯ ಜಾಗದಲ್ಲೇ ಇದ್ದಾಳೆ.

ಇದೆಲ್ಲ ಹೇಳಿದಾಗ ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟೇ ಕುಳಿತು ಕೇಳಿಸಿಕೊಂಡರು. “ಮೊದಲ ಯಾಕ ಹಚ್ಚಿಸಿಕೊಂಡಿ?” ಎಂದಷ್ಟೇ ಕೇಳಿದರು.

ಮಂದಿಯನ್ನು ಒಪ್ಪಿಸಲು ಬರುತ್ತದೆಯೇ ಎಂದು ನಿನ್ನನ್ನೂ ಕೇಳುತ್ತಾರೆ ಬಾನು. ಬರುತ್ತದೆ ಎಂದೇ ಹೇಳು, ಅದು ನಿನಗೆ ನನಗಿಂತ ಚೆನ್ನಾಗಿ ಬರುತ್ತದೆ. ಟೈಪಿಂಗ್ ರೂಢಿ ಮಾಡಿಕೊಂಡು ಹೋಗು. ಆದರೆ ಓದಲು ಬಾರದವರ ಮುಂದೆ ಯಾವ ಕಾಗದ ಹಿಡಿದರೂ ಮೊದಲು ಗಟ್ಟಿಯಾಗಿ ಓದಿ ಹೇಳು. ನಿನಗೇ ಓದಲು ಬಾಯಿ ಬರದಿದ್ದರೆ ಅದನ್ನು ತಂದ ಕೈಗೇ ತಿರುಗಿ ಕೊಟ್ಟುಬಿಡು. ಇದನ್ನು ಯಾವ ಸಂದರ್ಶನದಲ್ಲೂ ಕೇಳುವುದಿಲ್ಲ.

ನಿನ್ನ,
ಶಿವಲಿಂಗವ್ವ

ತಾ.ಕ.: ಎರಡನೆಯ ಹುದ್ದೆ ಯಾವುದೂ ಇಲ್ಲ ಬಾನು. ನಿನ್ನನ್ನು ಕರೆದಿರುವುದು ನನ್ನ ಜಾಗಕ್ಕೆ. ಜೂನ್ ೩೦ಕ್ಕೆ ನನ್ನನ್ನು ಕೆಲಸದಿಂದ ಬಿಡಿಸಿದರು. ಇದನ್ನು ಮೊದಲೇ ಬರೆದಿದ್ದರೆ ನೀನು ನನ್ನ ಮೇಲಿನ ಪ್ರೀತಿಗೆ ಕರೆಪತ್ರ ಹರಿದು ಹಾಕುತ್ತಿದ್ದೆ. ಹರಿಯಬೇಡ. ಅಲ್ಲಿ ಮೂವತ್ತನಾಲ್ಕು ಹೆಂಗಸರಿದ್ದಾರೆ, ಆ ಕುರ್ಚಿಯಲ್ಲಿ ನೀನೇ ಕೂರಬೇಕು. ಸಂದರ್ಶನಕ್ಕೆ ನೀನು ಬರುವ ಗುರುವಾರ ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುತ್ತೇನೆ, ಗೇಟಿನವರೆಗೆ ಜೊತೆಗೆ ಬರುತ್ತೇನೆ.