ನಕ್ಷೆಯಲ್ಲಿರುವ ಪೂರ್ವದ ಬಾಗಿಲಿನ ಕುರಿತು

ಮಾನ್ಯ ಪರವಾನಗಿ ಅಧಿಕಾರಿಗಳೇ,

ನನ್ನ ತಂಗಿಗೆ ತಾವು ಕಳಿಸಿರುವ ನೋಟಿಸು ಮೂರು ಪುಟ ಇದೆ. ಅದರ ಸಾರ ಇಷ್ಟೇ: ಕಳೆದ ತಿಂಗಳು ನಗರಸಭೆಯ ಮೈದಾನದಲ್ಲಿ ನಡೆದ ಶಾಲಾ ವಾದ್ಯಗೋಷ್ಠಿಯಲ್ಲಿ ಏಳು ಮಂದಿ ಗಾಯಗೊಂಡದ್ದಕ್ಕೆ ಸಂಘಟಕಿಯಾದ ಅವಳೊಬ್ಬಳೇ ಹೊಣೆ, ಹೊರಹೋಗುವ ದಾರಿಗಳನ್ನು ಅವಳು ಖುದ್ದಾಗಿ ಪರಿಶೀಲಿಸಲಿಲ್ಲ, ಅವಳ ಮೇಲೆ ಮೊಕದ್ದಮೆ ಏಕೆ ಹೂಡಬಾರದು ಎಂಬುದಕ್ಕೆ ಬರುವ ಗುರುವಾರ ಹನ್ನೊಂದು ಗಂಟೆಗೆ ಕಚೇರಿಗೆ ಬಂದು ಕಾರಣ ಹೇಳಬೇಕು. ಮೊಕದ್ದಮೆ ಬಿದ್ದ ದಿನವೇ ಶಾಲೆಯವರು ಅವಳನ್ನು ಸಂಗೀತದ ಕೋಣೆಯಿಂದ ಹೊರಗೆ ಕಳಿಸುತ್ತಾರೆ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪಿಟೀಲು ಹಿಡಿಯುವುದನ್ನು ಕಲಿಸಿದವಳಿಗೆ ಬೇರೆ ಕೆಲಸ ಬರುವುದಿಲ್ಲ. ಕರುಣೆ ಬೇಡುತ್ತಿಲ್ಲ. ತಾವು ಸಹಿ ಹಾಕಿದ ಕಾಗದ ಎಲ್ಲಿಗೆ ಹೋಗಿ ತಾಗುತ್ತದೆ ಎಂಬುದು ತಿಳಿದಿರಲಿ ಎಂದಷ್ಟೇ.

ತಮ್ಮ ನಿಯಮಾವಳಿಯನ್ನು ನಾನು ಬಲ್ಲೆ. ಇನ್ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ ಅರ್ಜಿ ಕೊಡಬೇಕು, ಜೊತೆಗೆ ಮೈದಾನದ ನಕ್ಷೆ ಲಗತ್ತಿಸಬೇಕು. ನಕ್ಷೆಯನ್ನು ಅರ್ಜಿದಾರರು ತಾವಾಗಿ ಬರೆಯುವಂತಿಲ್ಲ. ಕಚೇರಿ ಅಚ್ಚು ಹಾಕಿಸಿ ಕೊಡುವ ನಕ್ಷೆಯನ್ನೇ ಬಳಸಬೇಕು, ತಿದ್ದಿದರೆ ಅರ್ಜಿ ತಿರಸ್ಕೃತ. ಆ ನಕ್ಷೆಯಲ್ಲಿ ಎರಡು ಬಾಗಿಲುಗಳಿವೆ, ಪಶ್ಚಿಮಕ್ಕೊಂದು, ಪೂರ್ವಕ್ಕೊಂದು. ಮೈದಾನದಲ್ಲಿ ಇರುವುದು ಪಶ್ಚಿಮದ್ದು ಮಾತ್ರ. ಆರು ವರ್ಷದ ಹಿಂದೆ ತಮ್ಮದೇ ನೀರು ಸರಬರಾಜು ವಿಭಾಗ ಪೂರ್ವದ ಬಾಗಿಲನ್ನು ಕಿತ್ತು, ಇಟ್ಟಿಗೆಯಿಂದ ಮುಚ್ಚಿ, ಅದರ ಹಿಂದೆ ಪಂಪ್‌ಹೌಸ್ ಕಟ್ಟಿತು. ಗೋಡೆ ಚೆನ್ನಾಗಿ ಕಾಣುವುದಿಲ್ಲವೆಂದು ಉದ್ಯಾನ ವಿಭಾಗ ಅದರ ಮುಂದೆ ಆಳೆತ್ತರದ ಬೇಲಿಗಿಡ ಬೆಳೆಸಿತು. ಎರಡೂ ವಿಭಾಗಗಳು ತಮ್ಮ ತಲೆಯ ಮೇಲಿನ ಮಹಡಿಯಲ್ಲೇ ಇವೆ. ಹದಿನೆಂಟು ಮೆಟ್ಟಿಲು ಇಳಿದು ಬರಲು ಒಂದು ಸುದ್ದಿಗೆ ಎಷ್ಟು ವರ್ಷ ಬೇಕು?

ತಂಗಿ ಪರಿಶೀಲಿಸಲಿಲ್ಲ ಎನ್ನುತ್ತೀರಿ. ಗೋಷ್ಠಿಗೆ ನಾಲ್ಕು ದಿನ ಮೊದಲು, ಬುಧವಾರ, ತಮ್ಮ ಇನ್ಸ್‌ಪೆಕ್ಟರು ಸುರಕ್ಷತಾ ತಪಾಸಣೆಗೆ ಬಂದರು. ವೇದಿಕೆ ಏಳುವುದು ಶನಿವಾರ, ಆದರೆ ಶನಿವಾರ ಕಚೇರಿಗೆ ರಜೆ. ಹಾಗಾಗಿ ಅವರು ಪ್ರತಿ ಸಲದಂತೆ ಖಾಲಿ ಮೈದಾನವನ್ನೇ ತಪಾಸಣೆ ಮಾಡಿದರು. ಪಶ್ಚಿಮದ ಬಾಗಿಲ ಬಳಿ ಮರದ ನೆರಳಲ್ಲಿ ನಿಂತು, ವೇದಿಕೆ ಭದ್ರವಾಗಿದೆ, ದೀಪದ ಕಂಬಗಳು ಭದ್ರವಾಗಿವೆ ಎಂದು ಇನ್ನೂ ಹುಟ್ಟದ ವಸ್ತುಗಳ ಮುಂದೆಲ್ಲ ಗುರುತು ಹಾಕಿದರು. ಪೂರ್ವದ ಬಾಗಿಲನ್ನೂ ನೋಡಿ ಬರೋಣವೇ ಎಂದು ತಂಗಿ ಕೇಳಿದಳು.

"ಮ್ಯಾಪಲ್ಲಿ ಇದೆಯಲ್ಲಮ್ಮ," ಅಂದರಂತೆ. "ಮ್ಯಾಪಲ್ಲಿ ಇರೋದನ್ನ ಮತ್ತೆ ಹೋಗಿ ಯಾಕೆ ನೋಡ್ಬೇಕು?"

ಅವರು ಕೆಟ್ಟವರಲ್ಲ. ನಿಜವಾಗಿಯೂ ಹಾಗೆ ನಂಬಿದ್ದರು. ಅದನ್ನು ನಾನು ಹೇಗೆ ಬಲ್ಲೆನೆಂದರೆ, ನಾನೂ ಹಾಗೇ ನಂಬಿದ್ದೆ. ಹತ್ತೊಂಬತ್ತು ವರ್ಷದ ಹಿಂದೆ ಆ ನಕ್ಷೆ ಬರೆದವನು ನಾನು. ತಮ್ಮ ಕಚೇರಿಯ ಕಿಟಕಿ ಪಕ್ಕದ ಓರೆ ಮೇಜಿನಲ್ಲಿ ಹನ್ನೊಂದು ವರ್ಷ ನಕ್ಷೆಗಾರನಾಗಿದ್ದೆ. ಅಂದು ಆ ಬಾಗಿಲಿತ್ತು. ಟೇಪು ಹಿಡಿದು ಅಗಲ ಅಳೆದಿದ್ದೆ. ಬುಧವಾರ ಸಂಜೆ ತಂಗಿ ಫೋನು ಮಾಡಿದಳು.

"ಅಣ್ಣಾ, ಪೂರ್ವದ ಕಡೆ ಬರೀ ಗಿಡ ಕಾಣ್ತಿತ್ತು. ಅಲ್ಲಿ ಬಾಗಿಲು ಇದೆ ತಾನೆ?"

"ನಾನೇ ಬರೆದಿದ್ದು ಕಣೆ," ಅಂದೆ. "ಗಿಡದ ಹಿಂದೆ ಇರತ್ತೆ."

ಈ ವಾಕ್ಯವನ್ನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ. ಅದರಲ್ಲಿ ಸುಳ್ಳಿಲ್ಲ, ಹೆಮ್ಮೆಯಿದೆ. ಕಚೇರಿ ಬಿಟ್ಟ ಮೇಲೂ ಕಚೇರಿಯ ಕಾಗದದ ಮೇಲಿನ ವಿಶ್ವಾಸ ನನ್ನನ್ನು ಬಿಟ್ಟಿರಲಿಲ್ಲ. ಅಂಥ ವಿಶ್ವಾಸವನ್ನು ತಾವು ಹೇಗೆ ಬಳಸಿಕೊಳ್ಳುತ್ತೀರಿ ಎಂಬುದು ಈ ನೋಟಿಸು ಬರುವ ತನಕ ನನಗೆ ಗೊತ್ತಿರಲಿಲ್ಲ.

ಭಾನುವಾರ ಸಂಜೆ ಐದಕ್ಕೆ ಗಾಳಿ ಎದ್ದಿತು. ಪಶ್ಚಿಮದ ಬಾಗಿಲಿನ ಬದಿಯಲ್ಲಿ ಧ್ವನಿವರ್ಧಕದ ಕಬ್ಬಿಣದ ಚೌಕಟ್ಟು ಒಂದು ಮಗ್ಗುಲಿಗೆ ವಾಲಿತು, ಬೀಳಲಿಲ್ಲ, ಕಿರುಗುಟ್ಟಿತು. ಜನ ಎದ್ದರು. ಸ್ವಯಂಸೇವಕರಾಗಿದ್ದ ಶಿಕ್ಷಕರು ಗಾಬರಿಯಾಗಲಿಲ್ಲ. ಅವರ ಕೈಯಲ್ಲಿ ತಮ್ಮ ಮೊಹರಿದ್ದ ನಕ್ಷೆಯಿತ್ತು. ಅದರಂತೆ ನಾನೂರು ಜನರನ್ನು ಪೂರ್ವಕ್ಕೆ ಕಳಿಸಿದರು, ಸಾಲಾಗಿ, ಮಕ್ಕಳು ಮುಂದೆ. ಮುಂದಿನವರು ಗಿಡ ಸರಿಸಿದಾಗ ಇಟ್ಟಿಗೆ ಸಿಕ್ಕಿತು. ಹಿಂದಿನ ಸಾಲಿನಲ್ಲಿದ್ದ ನನಗಾಗಲಿ ಉಳಿದವರಿಗಾಗಲಿ ಅದು ಕಾಣುವಂತಿರಲಿಲ್ಲ. ನಿಯಮ ಪಾಲಿಸಿದ್ದರಿಂದಲೇ ಜನ ಪೆಟ್ಟು ತಿಂದ ಸಂಜೆ ಅದು. ಅವರು ದಿಕ್ಕೆಟ್ಟು ಚೆದುರಿದ್ದರೆ ಬಹುಶಃ ಒಬ್ಬರಿಗೂ ಏನೂ ಆಗುತ್ತಿರಲಿಲ್ಲ.

ಗಾಯಗೊಂಡ ಏಳು ಮಂದಿಯಲ್ಲಿ ಸೊಂಟ ಮುರಿದುಕೊಂಡವರು ತಂಗಿಯ ಪಕ್ಕದ ಮನೆಯ ಟೈಲರಮ್ಮ. ಮುಂದೆ ಸಿಕ್ಕ ಇಬ್ಬರು ಮಕ್ಕಳನ್ನು ಗೋಡೆಗೂ ಮೈಗೂ ನಡುವೆ ಹಿಡಿದು ನಿಂತವರು. ಆಸ್ಪತ್ರೆಗೆ ನೋಡಲು ಹೋದಾಗ ನಕ್ಷೆ ಬರೆದವನು ನಾನೆಂದು ಹೇಳಿಬಿಟ್ಟೆ. ಸ್ವಲ್ಪ ಹೊತ್ತು ನನ್ನ ಅಂಗಿಯ ಹೊಲಿಗೆಯನ್ನೇ ನೋಡಿದರು.

"ಹತ್ತೊಂಬತ್ತು ವರ್ಷದ ಹಿಂದಿನ ಅಳತೆಗೆ ನಾನು ಈಗ ನಿಮಗೆ ಪ್ಯಾಂಟು ಹೊಲಿದ್ರೆ ಹಾಕ್ಕೋತೀರಾ, ಸಾರ್?" ಅಂದರು. ಆಮೇಲೆ ನಗಲು ಹೋಗಿ ನೋವಾಗಿ ಕಣ್ಣು ಮುಚ್ಚಿದರು.

ಮರು ಭಾನುವಾರ ಅದೇ ಮೈದಾನದಲ್ಲಿ ಒಂದು ವ್ಯಾಪಾರಿ ಸಂಸ್ಥೆ ಎರಡು ಸಾವಿರ ಜನರನ್ನು ಕೂಡಿಸಿ ಮನರಂಜನೆ ನಡೆಸಿತು. ಅರ್ಜಿಯಿಲ್ಲ, ತಪಾಸಣೆಯಿಲ್ಲ. ಅವರಿಗೇಕೆ ನೋಟಿಸಿಲ್ಲ ಎಂದು ಕೌಂಟರಿನಲ್ಲಿ ವಿಚಾರಿಸಿದೆ. ಕಡತವೇ ಇಲ್ಲದಿದ್ದರೆ ನೋಟಿಸು ಯಾರ ಹೆಸರಿಗೆ ಕಳಿಸುವುದು ಎಂದು ಗುಮಾಸ್ತರು ನನ್ನನ್ನೇ ಕೇಳಿದರು. ಅವರ ತರ್ಕದಲ್ಲಿ ಲೋಪವಿಲ್ಲ. ತಮ್ಮ ಬಾಗಿಲಿಗೆ ಬಂದವರು ಮಾತ್ರ ತಮ್ಮ ಕೈಗೆ ಸಿಗುತ್ತಾರೆ. ಹಾಗಾದರೆ ಪರವಾನಗಿ ಅಂದರೇನು? ಅನಾಹುತವಾದರೆ ಯಾರನ್ನು ಹಿಡಿಯಬೇಕೆಂದು ಮುಂಚಿತವಾಗಿ ಬರೆಸಿಕೊಳ್ಳುವ ಹೆಸರೇ?

ತಮ್ಮ ಕೆಲಸ ಇನ್ನೂ ಸುಲಭವಾಗಿದೆ. ತಂಗಿ ಉತ್ತರ ಬರೆದು ಮುಗಿಸಿದ್ದಾಳೆ. ಒಂದೇ ಸಾಲು: ತಪ್ಪು ನನ್ನದು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಓದಿ ನನಗೆ ಸಿಟ್ಟು ಬಂತು. ಗೋಡೆ ನೀನು ಕಟ್ಟಿದೆಯಾ, ನಕ್ಷೆ ನೀನು ಅಚ್ಚು ಹಾಕಿಸಿದೆಯಾ ಎಂದು ಕೂಗಾಡಿದೆ. ಅವಳು ತಲೆ ಎತ್ತಲಿಲ್ಲ.

"ಟೈಲರಮ್ಮನ ಮುಖ ನೋಡಿ ಯಾರಾದ್ರೂ ಒಬ್ರು ಅದನ್ನ ಹೇಳ್ಬೇಕಲ್ಲ, ಅಣ್ಣಾ," ಅಂದಳು. "ಆಫೀಸಿನವರು ಯಾರೂ ಹೇಳಲ್ಲ."

ಆದ್ದರಿಂದ ನನ್ನ ಒತ್ತಾಯ ಇದು. ಆ ಒಂದು ಸಾಲನ್ನು ತಾವು ಸ್ವೀಕರಿಸಬಾರದು. ಗುರುವಾರದ ವಿಚಾರಣೆಯನ್ನು ಕಚೇರಿಯಲ್ಲಿ ನಡೆಸದೆ ಮೈದಾನದಲ್ಲಿ ನಡೆಸಬೇಕು. ನೀರು ಸರಬರಾಜಿನವರನ್ನೂ ಉದ್ಯಾನದವರನ್ನೂ ಮಹಡಿಯಿಂದ ಇಳಿಸಿ ಕರೆತನ್ನಿ, ಇನ್ಸ್‌ಪೆಕ್ಟರು ನೆರಳು ಬಿಟ್ಟು ಬರಲಿ, ನಕ್ಷೆ ಬರೆದವನ ಹೇಳಿಕೆಯನ್ನೂ ದಾಖಲಿಸಿಕೊಳ್ಳಿ. ಮೊಹರಿನ ನಕ್ಷೆಯನ್ನು ಕೈಯಲ್ಲಿ ಹಿಡಿದು ಪೂರ್ವಕ್ಕೆ ನಡೆಯಿರಿ, ತಾವು ಮುಂದೆ, ನಾವೆಲ್ಲ ಹಿಂದೆ. ಇನ್ನು ಮುಂದೆ ಹೋಗಲಾಗದು ಎನ್ನುವಲ್ಲಿ ನಿಂತು, ನನ್ನ ತಂಗಿಯ ಕಡೆ ತಿರುಗಿ, ಆ ಮೂರು ಪುಟವನ್ನು ಗಟ್ಟಿಯಾಗಿ ಓದಿ. ಕೊನೆಯವರೆಗೂ ಓದಲು ತಮ್ಮಿಂದ ಸಾಧ್ಯವಾದರೆ, ಅವಳು ಆ ಒಂದು ಸಾಲಿನ ಕೆಳಗೆ ಸಹಿ ಹಾಕುತ್ತಾಳೆ. ನಾನು ತಡೆಯುವುದಿಲ್ಲ.

ಇಂತಿ,
ಆ ಸಂಜೆ ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆ ಸೇರಿದ,
ತಮ್ಮವನೇ ಆಗಿದ್ದ ಒಬ್ಬ ನಾಗರಿಕ